ಪತ್ತೇದಾರಿ ಧಾರಾವಾಹಿ ಮತ್ತು ಪ್ರಶಸ್ತಿ ಮನ್ನಣೆ: ಕನ್ನಡದ ಸಂದರ್ಭ

ಒಂದು ಅಪರಾಧವನ್ನೋ ರಹಸ್ಯವನ್ನೋ ನಡುವಿಗಿಟ್ಟು, ಸುಳಿವುಗಳನ್ನು ಒಂದೊಂದಾಗಿ ಬಿಡಿಸುತ್ತ ಸತ್ಯದ ಕಡೆಗೆ ಸಾಗುವ ಶೋಧಕನೊಬ್ಬನ ಸುತ್ತ ಹೆಣೆದ ಕಿರುತೆರೆಯ ಕಥನಕ್ಕೆ ಪತ್ತೇದಾರಿ ಧಾರಾವಾಹಿ ಎಂದು ಹೆಸರು. ಶೋಧಕ ಪೊಲೀಸ್ ಅಧಿಕಾರಿಯೇ ಆಗಿರಬೇಕೆಂಬ ನಿಯಮವಿಲ್ಲ. ಖಾಸಗಿ ಪತ್ತೇದಾರ, ವಕೀಲ, ಪತ್ರಕರ್ತ, ಕೆಲವೊಮ್ಮೆ ಕುತೂಹಲವೊಂದೇ ಬಂಡವಾಳವಾಗಿರುವ ಸಾಮಾನ್ಯ ಮನುಷ್ಯ ಕೂಡ ಈ ಸ್ಥಾನದಲ್ಲಿ ನಿಲ್ಲಬಹುದು. ಈ ಪ್ರಕಾರಕ್ಕೆ ದೊರೆಯುವ ಮನ್ನಣೆಯ ಚರಿತ್ರೆಯಲ್ಲಿ ಒಂದು ವೈಚಿತ್ರ್ಯ ಕಾಣುತ್ತದೆ. ನೋಡುಗರ ಪ್ರೀತಿಯನ್ನು ಸುಲಭವಾಗಿ ಗೆದ್ದುಕೊಳ್ಳುವ ಪತ್ತೇದಾರಿ ಕಥನಕ್ಕೆ ತೀರ್ಪುಗಾರರ ಮೆಚ್ಚುಗೆ ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ದಕ್ಕಿಲ್ಲ. ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಅದು ಕಿರುತೆರೆಯ ಅತ್ಯುನ್ನತ ಪ್ರಶಸ್ತಿಗಳನ್ನು ಪತ್ತೇದಾರಿ ಕಥನವಾಗಿಯೇ ಗಳಿಸಿದರೆ, ಕನ್ನಡದಲ್ಲಿ ಬಹುಮಟ್ಟಿಗೆ ಬೇರೆ ಹೆಸರಿನಲ್ಲಿ, ಅಂದರೆ ಸಾಮಾಜಿಕ ಚಿತ್ರವೆಂದೋ ಸಾಹಿತ್ಯ ಕೃತಿಯೆಂದೋ ಗುರುತಿಸಿಕೊಂಡು, ಪುರಸ್ಕಾರ ಪಡೆದಿದೆ.

ಹೊರನಾಡಿನ ಮಾದರಿಗಳಲ್ಲಿ ಮೊದಲು ಹೇಳಬೇಕಾದದ್ದು ಅಮೆರಿಕದ ‘ಕೊಲಂಬೊ’. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಜೋಡಿ ಸೃಷ್ಟಿಸಿದ ಈ ಪಾತ್ರ 1968ರ ಒಂದು ದೂರದರ್ಶನ ಚಿತ್ರದಲ್ಲಿ ಕಾಣಿಸಿಕೊಂಡು, 1971ರಿಂದ ಸರಣಿಯಾಗಿ ಮುಂದುವರಿಯಿತು. ಕೊಲೆ ಮಾಡಿದವರು ಯಾರೆಂಬುದನ್ನು ಆರಂಭದಲ್ಲಿಯೇ ತೋರಿಸಿಬಿಟ್ಟು, ಮಾಸಿದ ಮಳೆಕೋಟು ತೊಟ್ಟ, ಮರೆಗುಳಿಯಂತೆ ಕಾಣುವ ಅಧಿಕಾರಿ ಆ ಕೊಲೆಗಾರನನ್ನು ಹೇಗೆ ಸಿಕ್ಕಿಸುತ್ತಾನೆ ಎಂಬುದನ್ನೇ ಕುತೂಹಲದ ವಿಷಯವಾಗಿಸಿದ್ದು ಇದರ ಹೊಸತನ. ಪತ್ತೇದಾರಿ ಕಥೆಯ ಕೊನೆಯ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟ ಮೇಲೆ ಉಳಿಯುವುದು ಸಂಭಾಷಣೆ, ಅಭಿನಯ ಮತ್ತು ತರ್ಕದ ಬಿಗಿ ಮಾತ್ರ. ಪ್ರಶಸ್ತಿಗಳು ಬಂದದ್ದೂ ಅವಕ್ಕೇ. ಅಮೆರಿಕದ ಕಿರುತೆರೆಗೆ ನೀಡುವ ಪ್ರಧಾನ ಪುರಸ್ಕಾರವಾದ ಎಮ್ಮಿ ಪ್ರಶಸ್ತಿಯನ್ನು ನಟ ಪೀಟರ್ ಫಾಕ್ ಈ ಒಂದೇ ಪಾತ್ರಕ್ಕಾಗಿ 1972, 1975, 1976 ಮತ್ತು 1990ರಲ್ಲಿ ನಾಲ್ಕು ಬಾರಿ ಪಡೆದನು. ಲೆವಿನ್ಸನ್ ಮತ್ತು ಲಿಂಕ್ 1972ರಲ್ಲಿ ಬರವಣಿಗೆಗಾಗಿ ಪುರಸ್ಕೃತರಾದರು. 1974ರಲ್ಲಿ ಸರಣಿಗೇ ಎಮ್ಮಿ ಸಂದಿತು. ಅತಿಥಿ ನಟನಾಗಿ ಬಂದ ಪ್ಯಾಟ್ರಿಕ್ ಮೆಕ್‌ಗೂಹನ್ ಎರಡು ಬಾರಿ ಗೆದ್ದಿದ್ದಾನೆ ಎಂಬುದರಿಂದ, ಇಲ್ಲಿ ಕೊಲೆಗಾರನ ಪಾತ್ರಕ್ಕೂ ಪತ್ತೇದಾರನ ಪಾತ್ರದಷ್ಟೇ ತೂಕವಿತ್ತೆಂಬುದು ಸ್ಪಷ್ಟವಾಗುತ್ತದೆ.

ಆದರೂ ಅಲ್ಲಿಯೂ ಮನ್ನಣೆ ನೇರವಾಗಿ ಹರಿದುಬಂದಿಲ್ಲ. ‘ಮರ್ಡರ್, ಶಿ ರೋಟ್’ ಸರಣಿಯಲ್ಲಿ ಕಾದಂಬರಿಗಾರ್ತಿ-ಪತ್ತೇದಾರಿಣಿಯಾಗಿ ನಟಿಸಿದ ಏಂಜೆಲಾ ಲ್ಯಾನ್ಸ್‌ಬರಿ ಆ ಪಾತ್ರಕ್ಕೆ ಸತತವಾಗಿ 12 ಬಾರಿ ಎಮ್ಮಿಗೆ ನಾಮನಿರ್ದೇಶನಗೊಂಡರೂ ಒಮ್ಮೆಯೂ ಗೆಲ್ಲಲಿಲ್ಲ. ಅದೇ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ನಾಲ್ಕು ಬಾರಿ ಬಂತು. ಇಂಗ್ಲೆಂಡಿನಲ್ಲಿ ಚಲನಚಿತ್ರ ಮತ್ತು ಕಿರುತೆರೆಗಳಿಗೆ ನೀಡುವ ಬಾಫ್ಟಾ ಪ್ರಶಸ್ತಿಯು ‘ಇನ್ಸ್‌ಪೆಕ್ಟರ್ ಮೋರ್ಸ್’ ಸರಣಿಯ ಜಾನ್ ಥಾಗೆ ಎರಡು ಬಾರಿ ಶ್ರೇಷ್ಠ ನಟನ ಪುರಸ್ಕಾರವನ್ನು ತಂದರೆ, ‘ಪ್ರೈಮ್ ಸಸ್ಪೆಕ್ಟ್’ನಲ್ಲಿ ಪೊಲೀಸ್ ಅಧಿಕಾರಿಣಿಯಾಗಿದ್ದ ಹೆಲೆನ್ ಮಿರೆನ್‌ಗೆ 1992ರಿಂದ 1994ರವರೆಗೆ ಸಾಲಾಗಿ ಮೂರು ವರ್ಷ ಶ್ರೇಷ್ಠ ನಟಿಯ ಪುರಸ್ಕಾರವನ್ನು ತಂದಿತು. ಇವುಗಳ ಜೊತೆಗೆ, ಅಮೆರಿಕದ ರಹಸ್ಯ ಸಾಹಿತ್ಯ ಲೇಖಕರ ಸಂಘವು ಎಡ್ಗರ್ ಆಲನ್ ಪೋ ಹೆಸರಿನಲ್ಲಿ ನೀಡುವ ಎಡ್ಗರ್ ಪ್ರಶಸ್ತಿಯಲ್ಲಿ ಕಿರುತೆರೆಯ ಕಂತುಗಳಿಗೂ ಒಂದು ವಿಭಾಗವಿದೆ. ಒಂದು ಕಥನ ಪ್ರಕಾರವು ತನ್ನದೇ ಕಸುಬುದಾರರಿಂದ ತನ್ನದೇ ಮಾನದಂಡದ ಮೇಲೆ ಅಳೆಯಲ್ಪಡುವ ಇಂಥ ಏರ್ಪಾಡು ಭಾರತದ ಯಾವ ಭಾಷೆಯ ಕಿರುತೆರೆಯಲ್ಲಿಯೂ ಬೇರೂರಲಿಲ್ಲ. ಮುಂದೆ ವಿವರಿಸುವ ಬಹಳಷ್ಟು ಸಂಗತಿಗಳ ಹಿಂದೆ ಈ ಕೊರತೆಯಿದೆ.

ಭಾರತದಲ್ಲಿ ದೂರದರ್ಶನದ ಪತ್ತೇದಾರಿ ಧಾರಾವಾಹಿಗಳು 1980ರ ದಶಕದ ನಡುಭಾಗದಲ್ಲಿ ಜನಪ್ರಿಯವಾದವು. ಪಂಕಜ್ ಪರಾಶರ್ ನಿರ್ದೇಶನದ ‘ಕರಮ್‌ಚಂದ್’ (1985) ಧಾರಾವಾಹಿಯ ಕ್ಯಾರೆಟ್ ಜಗಿಯುವ ಪತ್ತೇದಾರನೂ, ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳನ್ನು ಆಧರಿಸಿ ಬಾಸು ಚಟರ್ಜಿ ನಿರ್ದೇಶಿಸಿದ ‘ಬ್ಯೋಮಕೇಶ್ ಬಕ್ಷಿ’ (1993) ಧಾರಾವಾಹಿಯ ಸತ್ಯಾನ್ವೇಷಿಯೂ ಕರ್ನಾಟಕದ ಮನೆಮನೆಗಳಿಗೆ ಪರಿಚಿತರಾದರು. ಆದರೆ ಈ ಪಾತ್ರಗಳನ್ನು ನಿರ್ವಹಿಸಿದ ನಟರಿಗೆ ರಾಷ್ಟ್ರೀಯ ಪ್ರಶಸ್ತಿ ದೊರೆತದ್ದು ಬೇರೆಡೆ: ಕರಮ್‌ಚಂದ್ ಆಗಿದ್ದ ಪಂಕಜ್ ಕಪೂರ್‌ಗೆ ‘ರಾಖ್’ ಮೊದಲಾದ ಚಲನಚಿತ್ರಗಳಿಗೆ, ಬ್ಯೋಮಕೇಶ್ ಆಗಿದ್ದ ರಜಿತ್ ಕಪೂರ್‌ಗೆ ‘ದಿ ಮೇಕಿಂಗ್ ಆಫ್ ದಿ ಮಹಾತ್ಮ’ ಚಿತ್ರದ ಗಾಂಧೀಜಿ ಪಾತ್ರಕ್ಕೆ. ಕಾರಣ ಸರಳವಾಗಿದೆ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ವ್ಯಾಪ್ತಿಯಲ್ಲಿ ಕಥಾಚಿತ್ರ, ಕಥೇತರ ಚಿತ್ರ ಮತ್ತು ಸಿನಿಮಾ ಕುರಿತ ಬರವಣಿಗೆಗಳಿಗೆ ಸ್ಥಾನವಿದೆಯೇ ಹೊರತು ಕಂತುಗಳಲ್ಲಿ ಪ್ರಸಾರವಾಗುವ ಧಾರಾವಾಹಿಗೆ ಇಲ್ಲ. 1998ರಲ್ಲಿ ಆರಂಭವಾಗಿ 20 ವರ್ಷ ನಡೆದ ‘ಸಿ.ಐ.ಡಿ.’ ಧಾರಾವಾಹಿಯಂತೂ 2004ರಲ್ಲಿ 111 ನಿಮಿಷಗಳ ಒಂದು ಕಂತನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸಿ ದಾಖಲೆ ಪುಸ್ತಕಗಳಲ್ಲಿ ಹೆಸರು ಪಡೆಯಿತು.

ಪತ್ತೇದಾರಿ ಎಂಬ ಕಾರಣಕ್ಕೇ ಈ ಕಥನವನ್ನು ಭಾರತದ ತೀರ್ಪುಗಾರರು ದೂರವಿಟ್ಟರೆಂದು ಹೇಳುವಂತಿಲ್ಲ. ಬಂಗಾಳದ ಉದಾಹರಣೆ ಕಣ್ಣೆದುರಿಗಿದೆ. ಸತ್ಯಜಿತ್ ರಾಯ್ ತೆರೆಗೆ ತಂದ ಬ್ಯೋಮಕೇಶನ ಕಥೆ ‘ಚಿಡಿಯಾಖಾನಾ’ (1967) ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿಯನ್ನು ತಂದುಕೊಟ್ಟಿತು. ಅದರಲ್ಲಿ ಬ್ಯೋಮಕೇಶನಾಗಿದ್ದ ಉತ್ತಮ್ ಕುಮಾರ್ ಆ ಚಿತ್ರ ಹಾಗೂ ‘ಆಂಟನಿ ಫಿರಿಂಗಿ’ ಚಿತ್ರಗಳ ಅಭಿನಯಕ್ಕಾಗಿ ರಾಷ್ಟ್ರೀಯ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ರಾಯ್ ತಾವೇ ಸೃಷ್ಟಿಸಿದ ಫೆಲೂದಾ ಪಾತ್ರದ ‘ಸೋನಾರ್ ಕೆಲ್ಲಾ’ (1974) ಚಿತ್ರಕ್ಕೂ ನಿರ್ದೇಶನದ ರಾಷ್ಟ್ರೀಯ ಪ್ರಶಸ್ತಿ ಬಂತು. ಬಂಗಾಳದಲ್ಲಿ ಗಣ್ಯ ಲೇಖಕರು ಪತ್ತೇದಾರಿ ಕಥೆ ಬರೆಯುವುದನ್ನು ಕೀಳೆಂದು ಎಣಿಸಲಿಲ್ಲವಾದ್ದರಿಂದ ತೆರೆಯ ಮೇಲೆ ಬರುವ ಹೊತ್ತಿಗೆ ಆ ಪ್ರಕಾರಕ್ಕೆ ಗೌರವದ ಬುನಾದಿ ಸಿದ್ಧವಾಗಿತ್ತು. ಕನ್ನಡದಲ್ಲಿ ಆದದ್ದು ಬೇರೆ.

ಕನ್ನಡದ ಹಿನ್ನೆಲೆ

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಯನ್ನು ಜನಸಾಮಾನ್ಯರ ಓದಿನ ಹವ್ಯಾಸವಾಗಿಸಿದವರು ಎನ್. ನರಸಿಂಹಯ್ಯ (1925–2011). ಪ್ರಾಥಮಿಕ ಶಾಲೆಯಿಂದ ಆಚೆಗೆ ಓದಲಾಗದ ಅವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ ಕನ್ನಡ ಓದುಗರ ಒಂದೆರಡು ತಲೆಮಾರುಗಳಿಗೆ ಷೆರ್ಲಾಕ್ ಹೋಮ್ಸ್‌ನಷ್ಟೇ ಹತ್ತಿರದವನಾಗಿದ್ದನು. ಈ ಪುಸ್ತಕಗಳು ಓದುಗರನ್ನು ಮುಟ್ಟಿದ್ದು ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳ ಮೂಲಕ. ವಿಮರ್ಶೆಯು ಇವನ್ನು ಜನಪ್ರಿಯ ಸಾಹಿತ್ಯವೆಂಬ ಹಣೆಪಟ್ಟಿ ಹಚ್ಚಿ ಬದಿಗಿರಿಸಿತು. ಓದುವ ಅಭ್ಯಾಸವೇ ಇಲ್ಲದ ಲಕ್ಷಾಂತರ ಮಂದಿಗೆ ಪುಸ್ತಕ ಹಿಡಿಯಲು ಕಲಿಸಿದ ಬರವಣಿಗೆಗೆ ಇದು ನ್ಯಾಯವಾಗಿರಲಿಲ್ಲ. ಚಲನಚಿತ್ರವು ಈ ಅಭಿರುಚಿಯನ್ನು ಬೇಗ ಗುರುತಿಸಿತು. ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ (1968) ಚಿತ್ರದಿಂದ ಆರಂಭವಾಗಿ ರಾಜಕುಮಾರ್ ಸಿ.ಐ.ಡಿ. 999 ಆಗಿ ನಟಿಸಿದ ಚಿತ್ರಗಳು ಗೂಢಚಾರ ಕಥನವನ್ನು ದೊಡ್ಡ ತೆರೆಗೆ ತಂದವು. ಬೇಹುಗಾರಿಕೆ, ವೇಷ ಬದಲಾವಣೆ, ಹೊಡೆದಾಟಗಳೇ ಪ್ರಧಾನವಾಗಿದ್ದ ಅವುಗಳಲ್ಲಿ ಸುಳಿವು ಹಿಡಿದು ತರ್ಕಿಸುವ ಕೆಲಸಕ್ಕೆ ಎರಡನೆಯ ಸ್ಥಾನವಿತ್ತು. ತರ್ಕವೇ ಮುಂದೆ ಬಂದದ್ದು ಕಾಶೀನಾಥರ ‘ಅಪರಿಚಿತ’ (1978), ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ಮೊದಲಾದ ಚಿತ್ರಗಳಲ್ಲಿ.

ಉತ್ತರ ಕನ್ನಡದ ಕರಾವಳಿ

ಕನ್ನಡದ ಶೋಧಕ ಕಥನದ ಚರಿತ್ರೆಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಒಂದು ಕಿರಿದಾದ ಕರಾವಳಿ ಪಟ್ಟಿಗೆ ಅದರ ಗಾತ್ರವನ್ನು ಮೀರಿದ ಸ್ಥಾನವಿದೆ.  ಗೋಕರ್ಣದಿಂದ ದಕ್ಷಿಣಕ್ಕೆ ಅಘನಾಶಿನಿಯ ಅಳಿವೆ, ಕುಮಟಾ, ಶರಾವತಿಯ ಮುಖದಲ್ಲಿರುವ ಹೊನ್ನಾವರ, ಶಿರಾಲಿ, ಭಟ್ಕಳ ಎಂಬ ಕ್ರಮದಲ್ಲಿ ಊರುಗಳು ಬರುತ್ತವೆ. ಗೋಕರ್ಣದ ಸಮೀಪದ ಹನೇಹಳ್ಳಿಯವರಾದ ಯಶವಂತ ಚಿತ್ತಾಲರು ‘ಶಿಕಾರಿ’ (1979) ಕಾದಂಬರಿಯಲ್ಲಿ ಮುಂಬಯಿಯ ಉದ್ಯಮವೊಂದರಲ್ಲಿ ಅಕಾರಣವಾಗಿ ಅಮಾನತುಗೊಂಡ ಅಧಿಕಾರಿ ನಾಗಪ್ಪ ತನ್ನ ವಿರುದ್ಧ ನಡೆದ ಸಂಚನ್ನು ತಾನೇ ಬಗೆಯಲು ಹೊರಡುವ ಕಥೆಯನ್ನು ಹೇಳಿದರು. ಪತ್ತೇದಾರನೂ ಬೇಟೆಗೆ ಸಿಕ್ಕವನೂ ಒಬ್ಬನೇ ಆಗಿರುವ ಈ ರಚನೆ ಕನ್ನಡದ ನವ್ಯ ಸಾಹಿತ್ಯಕ್ಕೆ ರಹಸ್ಯ ಕಥನದ ತಂತ್ರ ಎಷ್ಟು ಒದಗಿಬರಬಲ್ಲದೆಂಬುದನ್ನು ತೋರಿಸಿತು. ತೆರೆಗೆ ಬರಲು ಇಷ್ಟು ಹೇಳಿಮಾಡಿಸಿದ ಕೃತಿ ಕನ್ನಡದಲ್ಲಿ ಮತ್ತೊಂದು ಸಿಗುವುದು ಕಷ್ಟ.

ತೆರೆಯ ಮಟ್ಟಿಗೆ ಈ ಕರಾವಳಿಯ ಕೊಡುಗೆಯೆಂದರೆ ನಾಗ್ ಸಹೋದರರು. ಹೊನ್ನಾವರದಲ್ಲಿ ಹುಟ್ಟಿದ ಶಂಕರ್ ನಾಗ್ (1954–1990) ಮತ್ತು ಶಿರಾಲಿಯ ಚಿತ್ರಾಪುರ ಮಠದ ಪರಿಸರದಲ್ಲಿ ಬಾಲ್ಯದ ಒಂದಷ್ಟು ಕಾಲವನ್ನು ಕಳೆದ ಅವರ ಅಣ್ಣ ಅನಂತ್ ನಾಗ್ (ಜನನ 1948) ಇಬ್ಬರೂ ಮುಂಬಯಿಯ ರಂಗಭೂಮಿಯಲ್ಲಿ ಪಳಗಿ ಕನ್ನಡಕ್ಕೆ ಬಂದವರು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ಅಭಿನಯಕ್ಕೆ ಶಂಕರ್ ನಾಗ್ ಅವರಿಗೆ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟನ ಪ್ರಶಸ್ತಿ ಬಂದದ್ದು ಅವರ ವೃತ್ತಿಜೀವನದ ಆರಂಭದಲ್ಲಿಯೇ. ನಿರ್ದೇಶಕರಾಗಿ ಅವರ ಮೊದಲ ಚಿತ್ರ ‘ಮಿಂಚಿನ ಓಟ’ (1980) ಕಾರು ಕಳ್ಳರ ಕಥೆ. ಅಪರಾಧವನ್ನು ಅಪರಾಧಿಯ ಕಡೆಯಿಂದ ನೋಡಿದ ಈ ಚಿತ್ರ ರಾಜ್ಯ ಪ್ರಶಸ್ತಿಗಳನ್ನು ಗಳಿಸಿತು.

ಈ ಲೇಖನದ ದೃಷ್ಟಿಯಿಂದ ಬಹು ಮುಖ್ಯವಾದದ್ದು ಶಂಕರ್ ನಾಗ್ ನಿರ್ದೇಶಿಸಿದ ‘ಆಕ್ಸಿಡೆಂಟ್’ (1985). ಮತ್ತಿನಲ್ಲಿ ಓಡಿಸಿದ ಕಾರೊಂದು ರಾತ್ರಿಯ ಹೊತ್ತು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡ ಜನರ ಮೇಲೆ ಹರಿಯುತ್ತದೆ. ಕಾರಿನಲ್ಲಿದ್ದವನು ಪ್ರಭಾವಿ ರಾಜಕಾರಣಿ ಧರ್ಮಾಧಿಕಾರಿಯ ಮಗ. ಧರ್ಮಾಧಿಕಾರಿಯಾಗಿ ಅನಂತ್ ನಾಗ್, ಸತ್ಯವನ್ನು ಹೊರತೆಗೆಯಲು ಹೊರಡುವ ಪತ್ರಕರ್ತನಾಗಿ ಶಂಕರ್ ನಾಗ್ ನಟಿಸಿದರು. ‘ಕೊಲಂಬೊ’ದಲ್ಲಿ ಇದ್ದಂತೆಯೇ ಇಲ್ಲಿಯೂ ತಪ್ಪಿತಸ್ಥ ಯಾರೆಂಬುದು ಪ್ರೇಕ್ಷಕನಿಗೆ ಮೊದಲೇ ತಿಳಿದಿದೆ. ಆದರೆ ‘ಕೊಲಂಬೊ’ದಲ್ಲಿ ಪತ್ತೇದಾರನ ಬುದ್ಧಿಗೆ ಕಾನೂನಿನ ಬೆಂಬಲವಿದ್ದು, ಅಲ್ಲಿಯ ಪ್ರಶ್ನೆ ‘ಹೇಗೆ ಸಿಕ್ಕಿಬೀಳುತ್ತಾನೆ’ ಎಂಬುದಾದರೆ, ಇಲ್ಲಿಯ ಪ್ರಶ್ನೆ ‘ಸಿಕ್ಕಿಬೀಳಲು ಬಿಡುತ್ತಾರೆಯೇ’ ಎಂಬುದು. ಒಂದು ಸುಳಿವು ಸಿಕ್ಕಿದಾಗಲೆಲ್ಲ ಅದನ್ನು ಅಳಿಸುವ ಕೈಯೊಂದು ಮುಂದೆ ಬರುತ್ತದೆ; ತನಿಖೆ ಮತ್ತು ಮುಚ್ಚಿಹಾಕುವಿಕೆಗಳ ನಡುವಿನ ಈ ಪೈಪೋಟಿಯೇ ಚಿತ್ರದ ಉಸಿರು. ಅಣ್ಣ-ತಮ್ಮಂದಿರು ಎದುರುಬದುರು ನಿಂತ ಅಭಿನಯದಲ್ಲಿ ಅನಂತ್ ನಾಗ್ ಅವರ ಧರ್ಮಾಧಿಕಾರಿಯ ಸೌಜನ್ಯ ತುಂಬಿದ ಮಾತುಗಾರಿಕೆ ಹೆಚ್ಚು ಭಯ ಹುಟ್ಟಿಸುತ್ತದೆ.

ಈ ಚಿತ್ರಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ‘ಇತರ ಸಾಮಾಜಿಕ ಸಮಸ್ಯೆಗಳ ಕುರಿತ ಅತ್ಯುತ್ತಮ ಚಿತ್ರ’ ಎಂಬ ಪುರಸ್ಕಾರ ಸಂದಿತು. ಪಾನನಿರೋಧ, ಮಹಿಳೆ ಮತ್ತು ಮಕ್ಕಳ ಕಲ್ಯಾಣ, ವರದಕ್ಷಿಣೆ ವಿರೋಧ, ಮಾದಕ ವಸ್ತುಗಳ ಪಿಡುಗು ಮುಂತಾದ ವಿಷಯಗಳನ್ನು ಎತ್ತಿಕೊಂಡ ಚಿತ್ರಗಳಿಗಾಗಿ ರೂಪಿಸಿದ ವಿಭಾಗವದು. ಮತ್ತಿನ ಅಪಾಯವನ್ನೂ ಬೀದಿಯಲ್ಲಿ ಮಲಗುವವರ ಪಾಡನ್ನೂ ತೋರಿಸಿದ ಚಿತ್ರಕ್ಕೆ ಇದು ತಕ್ಕ ಗೌರವವೇ. ಹಾಗಿದ್ದರೂ ಪುರಸ್ಕಾರದ ಹೆಸರಿನಲ್ಲಿ ಚಿತ್ರದ ಅರ್ಧ ಸಾಧನೆ ಮರೆಯಾಯಿತೆಂದು ಹೇಳದೆ ಇರಲಾಗದು. ಘಟನೆಗಳ ಜೋಡಣೆ, ಯಾವ ಮಾಹಿತಿ ಯಾರಿಗೆ ಯಾವಾಗ ತಿಳಿಯಬೇಕೆಂಬ ಲೆಕ್ಕಾಚಾರ, ತನಿಖೆಯ ವೇಗವನ್ನು ಏರಿಸಿ ಇಳಿಸುವ ಸಂಕಲನ ಇವೆಲ್ಲ ಪತ್ತೇದಾರಿ ಕಥನದ ಕಸುಬು. ಈ ಕಸುಬು ಇಲ್ಲದಿದ್ದರೆ ಸಾಮಾಜಿಕ ಕಳಕಳಿ ಬರಿಯ ಭಾಷಣವಾಗಿ ಉಳಿಯುತ್ತಿತ್ತು.

ಕಿರುತೆರೆಯಲ್ಲಿ ಶಂಕರ್ ನಾಗ್ ಹೆಸರು ಶಾಶ್ವತವಾದದ್ದು ‘ಮಾಲ್ಗುಡಿ ಡೇಸ್’ ಮೂಲಕ. ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿ, ಟಿ.ಎಸ್. ನರಸಿಂಹನ್ ನಿರ್ಮಾಣದಲ್ಲಿ, ಎಲ್. ವೈದ್ಯನಾಥನ್ ಅವರ ಸಂಗೀತದೊಂದಿಗೆ 1986ರಿಂದ ಪ್ರಸಾರವಾದ ಈ ಸರಣಿ ಪತ್ತೇದಾರಿಯಲ್ಲ. ಆದರೂ ದೂರದರ್ಶನ ಯುಗದ ಅಭಿಜಾತ ಕೃತಿಯೊಂದಕ್ಕೆ ಪ್ರಶಸ್ತಿಯ ಹೊರಗೆ ಯಾವ ಬಗೆಯ ಮನ್ನಣೆ ದೊರೆಯುತ್ತದೆಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ಸರಣಿಯಲ್ಲಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಲಾಯಿತು. ಆ ಕೆಲಸದಲ್ಲಿ ತೊಡಗಿದವರು ಸರಣಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್. ನಟರಾಗಿ ಶಂಕರ್ ನಾಗ್ ಪೊಲೀಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನರ ಹೆಸರಿನ ‘ಎಸ್.ಪಿ. ಸಾಂಗ್ಲಿಯಾನ’ (1988) ಚಿತ್ರದ ನಾಯಕನಾಗಿ ಪಡೆದ ಜನಪ್ರಿಯತೆಯೂ ಇದೇ ಜಾತಿಯದು. ಕರ್ನಾಟಕದ ಆಟೋರಿಕ್ಷಾಗಳ ಮೇಲೆ ಈಗಲೂ ಕಾಣುವ ಅವರ ಚಿತ್ರವನ್ನು ಯಾವ ತೀರ್ಪುಗಾರ ಮಂಡಳಿಯೂ ಕೊಟ್ಟದ್ದಲ್ಲ.

‘ಚಿದಂಬರ ರಹಸ್ಯ’

ಕನ್ನಡದಲ್ಲಿ ಪತ್ತೇದಾರಿ ರಚನೆ, ಉನ್ನತ ಸಾಹಿತ್ಯ ಪ್ರಶಸ್ತಿ ಮತ್ತು ಕಿರುತೆರೆ ಈ ಮೂರೂ ಒಂದೆಡೆ ಕೂಡಿದ ಅಪರೂಪದ ಪ್ರಸಂಗವೆಂದರೆ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯ ಹೊರರೂಪ ಶುದ್ಧ ಪತ್ತೇದಾರಿಯದು. ಏಲಕ್ಕಿ ಬೆಳೆ ಕುಸಿಯುತ್ತಿರುವ ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿ ಸಂಶೋಧನೆಯಲ್ಲಿ ತೊಡಗಿದ್ದ ವಿಜ್ಞಾನಿ ಜೋಗಿಹಾಳರು ಸಾಯುತ್ತಾರೆ. ಅದು ಸಹಜ ಸಾವೋ ಕೊಲೆಯೋ ಎಂಬ ಸಂಶಯದ ಹಿನ್ನೆಲೆಯಲ್ಲಿ ಗುಪ್ತಚರ ಇಲಾಖೆಯ ಅಧಿಕಾರಿ ಅಂಗಡಿ ತನಿಖೆಗೆಂದು ಊರಿಗೆ ಬರುತ್ತಾನೆ. ಸಾಂಪ್ರದಾಯಿಕ ಪತ್ತೇದಾರಿ ಕಥೆಯಲ್ಲಿ ಪ್ರತಿ ಸುಳಿವೂ ಒಂದೇ ಬಾಗಿಲ ಕಡೆಗೆ ಬೊಟ್ಟುಮಾಡುತ್ತದೆ. ತೇಜಸ್ವಿಯವರಲ್ಲಿ ಹಾಗಲ್ಲ. ಇಲ್ಲಿ ಒಂದು ಸುಳಿವನ್ನು ಹಿಡಿದು ಹೋದರೆ ಮರಗಳ್ಳತನ ಸಿಗುತ್ತದೆ, ಮತ್ತೊಂದನ್ನು ಹಿಡಿದರೆ ಜಾತಿ ಮತ್ತು ಮತಗಳ ಒಳಜಗಳ, ಇನ್ನೊಂದನ್ನು ಹಿಡಿದರೆ ಹರೆಯದವರ ಪ್ರೇಮ. ತನಿಖೆಗೆ ಬಂದ ವಿಷಯ ಹಿಂದೆ ಸರಿದು ಇಡೀ ಊರೇ ತನಿಖೆಯ ವಸ್ತುವಾಗುತ್ತದೆ. ಕೊನೆಗೆ ಕಾಡ್ಗಿಚ್ಚು ಕೆಸರೂರನ್ನು ಸುತ್ತುವರಿಯುವ ಹೊತ್ತಿಗೆ ‘ಅಪರಾಧಿ ಯಾರು’ ಎಂಬ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರನ್ನು ಉತ್ತರವಾಗಿ ಕೊಡುವುದು ಅಸಾಧ್ಯವಾಗಿರುತ್ತದೆ.

ಈ ಕಾದಂಬರಿಯನ್ನು ದೂರದರ್ಶನಕ್ಕಾಗಿ ತೆರೆಗೆ ತಂದವರು ಗಿರೀಶ ಕಾರ್ನಾಡರು. ಘಟ್ಟದ ಮೇಲಿನ ಶಿರಸಿಯಲ್ಲಿ ಬಾಲ್ಯ ಕಳೆದ ಕಾರ್ನಾಡರಿಗೂ ಉತ್ತರ ಕನ್ನಡ ಜಿಲ್ಲೆಯ ನಂಟಿತ್ತು. ‘ಒಂದಾನೊಂದು ಕಾಲದಲ್ಲಿ’ಯಿಂದ ಶಂಕರ್ ನಾಗ್ ಅವರನ್ನು ಕನ್ನಡ ತೆರೆಗೆ ಪರಿಚಯಿಸಿದವರೂ, ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯಾಗಿ ನಟಿಸಿದವರೂ ಅವರೇ. ಕೃತಿಗೆ ಸಾಹಿತ್ಯ ಅಕಾಡೆಮಿಯ ಮುದ್ರೆ, ನಿರ್ದೇಶಕನಿಗೆ 1998ರ ಜ್ಞಾನಪೀಠದ ಕೀರ್ತಿ ಇದ್ದ ಈ ಪ್ರಯತ್ನದಿಂದ ಕನ್ನಡ ಕಿರುತೆರೆಯಲ್ಲಿ ಗಂಭೀರ ಪತ್ತೇದಾರಿ ಕಥನದ ಪರಂಪರೆಯೊಂದು ಹುಟ್ಟಬಹುದಿತ್ತು. ಅದು ಒಂಟಿ ಪ್ರಯತ್ನವಾಗಿ ಉಳಿಯಿತು. ತೇಜಸ್ವಿಯವರ ಕೃತಿಗಳಲ್ಲಿ ತೆರೆಯ ದೊಡ್ಡ ಗೌರವ ದಕ್ಕಿದ್ದು ‘ತಬರನ ಕಥೆ’ಗೆ, ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ಆ ಚಿತ್ರ (1986) ರಾಷ್ಟ್ರೀಯ ಸ್ವರ್ಣಕಮಲವನ್ನು ಗಳಿಸಿತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ದುರಂತ ಆ ಗೌರವಕ್ಕೆ ಸರ್ವಥಾ ಅರ್ಹವಾದದ್ದೇ.

ಖಾಸಗಿ ವಾಹಿನಿಗಳ ಕಾಲ

ಖಾಸಗಿ ವಾಹಿನಿಗಳು ಬಂದ ಮೇಲೆ ಕನ್ನಡ ಕಿರುತೆರೆಯಲ್ಲಿ ಶೋಧಕನ ಕೆಲಸವನ್ನು ಬಹುಕಾಲ ವಕೀಲನೇ ನಿರ್ವಹಿಸಿದನು. ಟಿ.ಎನ್. ಸೀತಾರಾಮ್ ಅವರ ‘ಮನ್ವಂತರ’, ‘ಮುಕ್ತ’ ಮೊದಲಾದ ಧಾರಾವಾಹಿಗಳಲ್ಲಿ ನ್ಯಾಯಾಲಯದ ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಿ ಸುಳ್ಳನ್ನು ಬಯಲಿಗೆಳೆಯುವ ಕ್ರಮ, ಪತ್ತೇದಾರಿ ಕಥೆಯ ಕೊನೆಯ ಅಧ್ಯಾಯದ ಕೆಲಸವನ್ನೇ ಮಾಡುತ್ತಿತ್ತು. ಸೀತಾರಾಮ್ ತಾವೇ ನಟಿಸುತ್ತಿದ್ದ ವಕೀಲ ಸಿ.ಎಸ್.ಪಿ. ಪಾತ್ರ ಮನೆಮಾತಾಯಿತು. ಪತ್ತೇದಾರಿಯೆಂದು ಹೆಸರಿನಲ್ಲಿಯೇ ಸಾರಿಕೊಂಡ ‘ಪತ್ತೇದಾರಿ ಪ್ರತಿಭಾ’ದಂಥ ಧಾರಾವಾಹಿಗಳು ವಿರಳ. ಇದಕ್ಕೆ ಪ್ರಸಾರದ ಸ್ವರೂಪವೇ ಒಂದು ಕಾರಣ: ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ನಡೆಯಬೇಕಾದ ಧಾರಾವಾಹಿಗೆ ಕೊನೆಯಿಲ್ಲದ ಕಥೆ ಬೇಕು, ಪತ್ತೇದಾರಿ ಕಥೆಗೆ ಕೊನೆಯೇ ಪ್ರಾಣ. ವಾಹಿನಿಗಳು ನಡೆಸುವ ‘ಅನುಬಂಧ ಅವಾರ್ಡ್ಸ್’, ‘ಜೀ ಕುಟುಂಬ ಅವಾರ್ಡ್ಸ್’ ಮುಂತಾದ ಸಮಾರಂಭಗಳಲ್ಲಿ ಆಯಾ ವಾಹಿನಿಯ ಧಾರಾವಾಹಿಗಳೇ ಸ್ಪರ್ಧಿಗಳಾಗಿದ್ದು, ಬಹುಮಾನದ ವಿಭಾಗಗಳಲ್ಲಿ ಕೌಟುಂಬಿಕ ಸಂಬಂಧಗಳಿಗೆ ಹೆಚ್ಚಿನ ಪ್ರಾಧಾನ್ಯವಿರುವುದು ಹೆಸರುಗಳಿಂದಲೇ ತಿಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಕೇರಳದಲ್ಲಿ ರಾಜ್ಯ ಸರ್ಕಾರವೇ ದೂರದರ್ಶನ ಕಾರ್ಯಕ್ರಮಗಳಿಗೆ ಪ್ರತ್ಯೇಕ ಪ್ರಶಸ್ತಿಗಳನ್ನು ನೀಡುತ್ತ ಬಂದಿದೆ. ಬರವಣಿಗೆ ಮತ್ತು ಸಂಕಲನಗಳನ್ನು ವಾಹಿನಿಯ ಹಿತಾಸಕ್ತಿಯಿಂದ ಬಿಡಿಸಿ ನೋಡಲು ಅಂಥ ಏರ್ಪಾಡು ನೆರವಾಗುತ್ತದೆ.

ಈ ಅವಧಿಯಲ್ಲಿ ಪತ್ತೇದಾರಿ ಕಥನ ಮತ್ತೆ ದೊಡ್ಡ ತೆರೆಯನ್ನು ಆಶ್ರಯಿಸಿತು. 2019ರಲ್ಲಿ ತೆರೆಕಂಡ ಎರಡು ಚಿತ್ರಗಳು ಇಲ್ಲಿ ಗಮನಾರ್ಹ. ಹೇಮಂತ್ ಎಂ. ರಾವ್ ಅವರ ‘ಕವಲುದಾರಿ’ಯಲ್ಲಿ ಅಗೆತದ ವೇಳೆ ಸಿಕ್ಕ ತಲೆಬುರುಡೆಗಳ ಗುಟ್ಟನ್ನು ಸಂಚಾರಿ ಪೊಲೀಸನೊಬ್ಬ ಬೆನ್ನುಹತ್ತುತ್ತಾನೆ, ಹಳೆಯ ಪ್ರಕರಣದ ತನಿಖೆ ನಡೆಸಿ ಸೋತ ನಿವೃತ್ತ ಅಧಿಕಾರಿ ಮುತ್ತಣ್ಣನಾಗಿ ಅನಂತ್ ನಾಗ್ ನಟಿಸಿದರು. ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’ 1980ರ ದಶಕದ ಪತ್ತೇದಾರಿ ಪುಸ್ತಕಗಳ ಹುಚ್ಚಿಗೆ ಸಲ್ಲಿಸಿದ ಕಾಣಿಕೆಯಂತಿದ್ದು, ಡಿಟೆಕ್ಟಿವ್ ದಿವಾಕರನಾಗಿ ರಿಷಬ್ ಶೆಟ್ಟಿ ಅದರಲ್ಲಿ ಹೆಸರು ಮಾಡಿದರು. ಅವರಿಗೆ ರಾಷ್ಟ್ರೀಯ ಶ್ರೇಷ್ಠ ನಟ ಪ್ರಶಸ್ತಿ ದೊರೆತದ್ದು ‘ಕಾಂತಾರ’ಕ್ಕೆ. ಐದು ದಶಕಗಳ ಅಭಿನಯಕ್ಕಾಗಿ ಅನಂತ್ ನಾಗ್ ಅವರಿಗೆ 2025ರಲ್ಲಿ ಪದ್ಮಭೂಷಣ ಸಂದಿತು.

ಅಂತರ್ಜಾಲ ವೇದಿಕೆಗಳು ಬಂದ ಮೇಲೆ ಆರೆಂಟು ಕಂತುಗಳಲ್ಲಿ ಮುಗಿಯುವ ಕಿರುಸರಣಿಗಳಿಗೆ ಅವಕಾಶ ತೆರೆದು, ಕೊನೆಯನ್ನು ಬಯಸುವ ಕಥನಕ್ಕೆ ಒಗ್ಗುವ ಅಳತೆ ದೊರೆಯಿತು. 2012ರ ದೆಹಲಿ ಅತ್ಯಾಚಾರ ಪ್ರಕರಣದ ತನಿಖೆಯನ್ನು ಆಧರಿಸಿದ ಹಿಂದಿಯ ‘ಡೆಲ್ಲಿ ಕ್ರೈಮ್’ 2020ರಲ್ಲಿ ಅಂತಾರಾಷ್ಟ್ರೀಯ ಎಮ್ಮಿಯ ಶ್ರೇಷ್ಠ ನಾಟಕ ಸರಣಿ ಪುರಸ್ಕಾರವನ್ನು ಪಡೆದು, ಆ ಗೌರವ ಗಳಿಸಿದ ಮೊದಲ ಭಾರತೀಯ ಸರಣಿಯಾಯಿತು. ಕನ್ನಡದಲ್ಲಿ ‘ಅಯ್ಯನ ಮನೆ’ (2025) ಮೊದಲಾದ ರಹಸ್ಯ ಪ್ರಧಾನ ಕಿರುಸರಣಿಗಳು ಇದೇ ದಾರಿಯಲ್ಲಿ ಬಂದಿವೆ. ಗೋವಾದಲ್ಲಿ ನಡೆಯುವ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ 2023ರಲ್ಲಿ ಶ್ರೇಷ್ಠ ವೆಬ್ ಸರಣಿಗೆ ಪ್ರಶಸ್ತಿಯನ್ನು ಆರಂಭಿಸಿತು. ಮೊದಲ ವರ್ಷ ಅದು ಹಿಂದಿಯ ‘ಪಂಚಾಯತ್’ ಸರಣಿಯ ಎರಡನೆಯ ಭಾಗಕ್ಕೆ ಸಂದಿತು. ಭಾರತೀಯ ಭಾಷೆಗಳಲ್ಲಿ ಮೂಲತಃ ತಯಾರಾದ ಸರಣಿಗಳೆಲ್ಲ ಈ ಪ್ರಶಸ್ತಿಯ ಸ್ಪರ್ಧೆಗೆ ಅರ್ಹವಾಗಿರುವುದರಿಂದ ಕನ್ನಡದ ಪತ್ತೇದಾರಿ ಸರಣಿಗೂ ಅದರ ಬಾಗಿಲು ತೆರೆದಿದೆ.